ಮರ ಹತ್ತುವವರ ಅಳತೆ

ನಮ್ಮ ಕುಕ್ ಟೌನಿನ ಹಳೆಯ ಮನೆಗಳ ಅಂಗಳದಲ್ಲಿ ತೆಂಗಿನ ಮರಗಳು ಇನ್ನೂ ನಿಂತಿವೆ. ಬಂಗಲೆ ಹೋಗಿ ಅಪಾರ್ಟ್‌ಮೆಂಟ್ ಬಂದ ಕಡೆಯೂ ಕಾಂಪೌಂಡಿನ ಮೂಲೆಯಲ್ಲಿ ಒಂದೆರಡು ಉಳಿದುಕೊಂಡಿರುತ್ತವೆ. ಈಗ ಕಾಯಿಯ ಆಸೆಗಿಂತ ಅದು ಯಾರ ತಲೆಯ ಮೇಲೆ ಬೀಳುತ್ತದೋ, ಒಣಗರಿ ಯಾರ ಕಾರಿನ ಮೇಲೆ ಬೀಳುತ್ತದೋ ಎಂಬ ಚಿಂತೆಯೇ ಹೆಚ್ಚು. ಹಾಗಾಗಿ ಕೆಲವು ತಿಂಗಳಿಗೊಮ್ಮೆ ಮರ ಹತ್ತುವವರು ಬರಲೇಬೇಕು.

ನಮ್ಮ ಬೀದಿಗೆ ಬರುವವರು ಜೀವನಹಳ್ಳಿ ಕಡೆಯವರು. ಐವತ್ತು ದಾಟಿದ ವಯಸ್ಸು. ಮನೆಯಲ್ಲಿ ತಮಿಳು, ನಮ್ಮೊಡನೆ ಕನ್ನಡ, ಎದುರುಮನೆಯ ಅಜ್ಜಿಯೊಡನೆ ಇಂಗ್ಲಿಷು. ಕಾಲಿಗೊಂದು ಹಗ್ಗದ ಬಳೆ, ಸೊಂಟದಲ್ಲೊಂದು ಕತ್ತಿ, ಇಷ್ಟೇ ಅವರ ಸರಂಜಾಮು. ಒಂದು ಸಲ ಅವರ ಹೆಂಡತಿಯೂ ಜೊತೆಗೆ ಬಂದರು. ಗೇಟಿನ ಬಳಿಯೇ ನಿಂತು, "ಅಮ್ಮಾ, ಇವರು ಬ್ಯಾಡ ಅಂದ್ರೂ ಕೇಳಲ್ಲ. ಹತ್ತಿಸೋದಾದ್ರೆ ಏನಾದ್ರೂ ಕಟ್ಟಿ ಹತ್ತಿಸಿ" ಎಂದರು. ಅವರು ಕೂಲಿ ಹೆಚ್ಚು ಕೇಳಲಿಲ್ಲ, ಕೋಪವನ್ನೂ ಮಾಡಲಿಲ್ಲ. ಅಷ್ಟು ಹೇಳಿ, ಗಂಡ ಇಳಿಯುವವರೆಗೂ ಕತ್ತು ಮೇಲೆತ್ತಿಕೊಂಡೇ ನಿಂತಿದ್ದರು.

ಆ ಮಾತು ನಾಲ್ಕು ಮನೆಗೆ ತಲುಪಿತು. ಕಾರಿಗೆ ಹೊದಿಕೆ ಕೊಳ್ಳಲು ಒಂದು ನಿಮಿಷವೂ ಯೋಚಿಸದವರು ಇದಕ್ಕೆ ಎರಡು ವಾರ ಯೋಚಿಸಿದರು. ಕೊನೆಗೆ ಎಲ್ಲರೂ ಸಮಪಾಲು ಹಾಕುವುದೆಂದೂ, ಕೊಂಡು ತರುವ ಜವಾಬ್ದಾರಿ ನನ್ನದೆಂದೂ ತೀರ್ಮಾನವಾಯಿತು. "ನಿಮಗೆ ಬ್ಲೌಸ್ ಬಟ್ಟೆ ಆರಿಸಿ ಅಭ್ಯಾಸ ಇದೆಯಲ್ಲ" ಎಂದರು ಮೂರನೇ ಮನೆಯ ಯಜಮಾನರು. ತಮಾಷೆಗೆ ಆಡಿದ ಆ ಮಾತೇ ನನಗೆ ದಾರಿ ತೋರಿಸಿತು.

ಮರದಲ್ಲಿ ಕೂರುವ ಆಸನ ನಮ್ಮವರಿಗೆ ಹೊಸದಲ್ಲ. ಉತ್ತರ ಕನ್ನಡದ ಅಡಿಕೆ ತೋಟಗಳಲ್ಲಿ ಕೊನೆಗೌಡರು ಚಿಕ್ಕದೊಂದು ಮಣೆಯನ್ನು ಮರಕ್ಕೆ ಹಗ್ಗದಿಂದ ಬಿಗಿದು, ಅದರ ಮೇಲೆ ಕೂತು ಕೆಲಸ ಮಾಡಿ, ಕೆಳಗಿಳಿಯದೆಯೇ ಪಕ್ಕದ ಮರಕ್ಕೆ ದಾಟಿಬಿಡುತ್ತಾರೆ. ಕೇರಳದ ಚೆಂಬೇರಿಯ ಎಂ. ಜೆ. ಜೋಸೆಫ್, ಎಲ್ಲರೂ ಅಪ್ಪಚ್ಚನ್ ಎಂದು ಕರೆಯುತ್ತಿದ್ದವರು, ಮೆಟ್ಟಿಲು ಹತ್ತಿದಂತೆ ತೆಂಗು ಹತ್ತುವ ಸಾಧನ ಮಾಡಿದರು. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ಯಂತ್ರದಿಂದ ಮರ ಹತ್ತುವ ತರಬೇತಿ ಆರಂಭಿಸಿದ ಮೇಲೆ ಎಷ್ಟೋ ಹೆಂಗಸರೂ ಕಲಿತು ಅದರಿಂದ ಸಂಪಾದಿಸಿದರು. 2019ರಲ್ಲಂತೂ ಬಂಟ್ವಾಳ ತಾಲ್ಲೂಕಿನ ಗಣಪತಿ ಭಟ್ಟರು ಸೀಟು, ಬೆಲ್ಟು, ಎಂಜಿನ್ ಇರುವ ಮರದ ಬೈಕನ್ನೇ ತಯಾರಿಸಿದರು. ಅವರ ಮಗಳು ಅದರ ಮೇಲೆ ಕೂತು ಅಡಿಕೆ ಮರವನ್ನು ಸರಸರನೆ ಏರಿದ್ದನ್ನು ದೇಶವೆಲ್ಲ ನೋಡಿತು.

ಆದರೆ ನಮ್ಮವರಿಗೆ ಯಂತ್ರ ಬೇಡ. "ಕಾಲು ಹತ್ತುತ್ತಮ್ಮಾ, ಮೇಲೆ ಹೋಗಿ ನಿಲ್ಲೋದೇ ಕಷ್ಟ" ಎಂದರು. ಗರಿ ಕಡಿಯಲು ಎರಡೂ ಕೈ ಬೇಕು, ಮರ ಹಿಡಿಯಲು ಮೂರನೆಯದು ಎಲ್ಲಿಂದ ಬರಬೇಕು? ಆ ಮೂರನೆಯ ಕೈಗೇ ಇಂಗ್ಲಿಷಿನಲ್ಲಿ ಸ್ಯಾಡಲ್ ಎನ್ನುತ್ತಾರೆ. ಹೆಸರು ಕುದುರೆಯ ಜೀನಿನದು, ರೂಪ ಮಾತ್ರ ಬೇರೆ. ಸೊಂಟಕ್ಕೊಂದು ಅಗಲ ಪಟ್ಟಿ, ಎರಡು ತೊಡೆಗೆ ಎರಡು ಪಟ್ಟಿ, ಇಕ್ಕೆಲದಲ್ಲಿ ಉಕ್ಕಿನ ಬಳೆ. ಆ ಬಳೆಗಳಿಂದ ಹೊರಟ ಹಗ್ಗ ಮರವನ್ನು ಬಳಸಿ ಬರುತ್ತದೆ.

ಎಸ್.ಜೆ.ಪಿ. ರಸ್ತೆಯ ಅಂಗಡಿಗೆ ಅವರನ್ನೂ ಅವರ ಹೆಂಡತಿಯನ್ನೂ ಕರೆದುಕೊಂಡೇ ಹೋದೆ. ಹಾಕಿಕೊಳ್ಳುವವರಿಲ್ಲದೆ ಬ್ಲೌಸ್ ಹೊಲಿಸಲಾದೀತೇ? ಅಂಗಡಿಯವರು "ಫ್ರೀ ಸೈಜ್ ಮೇಡಂ" ಎಂದು ಒಂದನ್ನು ಮುಂದಿಟ್ಟರು. ಫ್ರೀ ಸೈಜ್ ಎಂದರೆ ಯಾರಿಗೂ ಸರಿಹೋಗದ್ದು ಎಂದು ನಮಗೆ ಗೊತ್ತಿಲ್ಲವೇ! ಟೇಪು ನನ್ನ ಚೀಲದಲ್ಲೇ ಇತ್ತು. ಪಟ್ಟಿ ಕೂರಬೇಕಾದದ್ದು ಸೊಂಟದ ಮೂಳೆಯ ಮೇಲೆ. ಕೆಳಗಿದ್ದರೆ ಜಾರುತ್ತದೆ, ತೀರಾ ಮೇಲಿದ್ದರೆ ಉಸಿರು ಕಟ್ಟುತ್ತದೆ. ಬಿಗಿದ ಮೇಲೂ ಎರಡೂ ಬದಿ ಪಟ್ಟಿ ಮಿಗಬೇಕು. ಡಿಸೆಂಬರಿನ ಚಳಿಯಲ್ಲಿ ಒಳಗೊಂದು ಸ್ವೆಟರ್ ಸೇರುತ್ತದಲ್ಲ. ತೊಡೆಯ ಪಟ್ಟಿ ಮತ್ತು ಚರ್ಮದ ನಡುವೆ ಅಂಗೈ ಚಪ್ಪಟೆಯಾಗಿ ಹೋಗಬೇಕು, ಮುಷ್ಟಿ ಹೋಗಬಾರದು. ಸೊಂಟದಿಂದ ತೊಡೆಗೆ ಇಳಿಯುವ ಪಟ್ಟಿಯ ಉದ್ದವನ್ನೂ ಹೊಂದಿಸಲು ಬರಬೇಕು, ಇಲ್ಲದಿದ್ದರೆ ಕುಳ್ಳಗಿರುವವರು ಕೂರಲಾರರು, ಜೋತಾಡುತ್ತಾರೆ. ಒಳಮೈಯ ಮೆತ್ತೆ ದಪ್ಪಗಿರುವುದಕ್ಕಿಂತ ಅಗಲವಾಗಿರುವುದು ಮುಖ್ಯ. ಹಗ್ಗದ ವಿಷಯದಲ್ಲಿ ಅವರೇ ಹಟ ಹಿಡಿದರು, ಒಳಗೆ ಉಕ್ಕಿನ ತಂತಿ ಇರುವುದೇ ಬೇಕೆಂದು. "ಕತ್ತಿ ಒಂದು ದಿನ ತಪ್ಪೇ ತಪ್ಪುತ್ತೆ" ಎಂದರು. ಅಂಥ ಹಗ್ಗ ಎರಡಿರಬೇಕು. ಒಣಗರಿಯ ಬುಡವನ್ನು ದಾಟುವಾಗ ಒಂದನ್ನು ಬಿಚ್ಚಬೇಕಾಗುತ್ತದೆ, ಆಗ ಇನ್ನೊಂದು ಕಟ್ಟಿಯೇ ಇರಬೇಕು.

ಅವರ ಹೆಂಡತಿ ಅಂಗಡಿಯವರನ್ನು ಕೇಳಿದ್ದು ಒಂದೇ ಪ್ರಶ್ನೆ. "ಬಿದ್ರೆ ಇದು ಹಿಡಿಯುತ್ತಾ?" ಅಂಗಡಿಯವರು ತಟ್ಟನೆ ಹೌದೆಂದರು. ಅದು ಪೂರ್ತಿ ನಿಜವಲ್ಲ. ಸ್ಯಾಡಲ್ ಇರುವುದು ಕೂತು ಕೆಲಸ ಮಾಡಲು. ಹಗ್ಗ ಸಡಿಲ ಬಿಟ್ಟು ನಾಲ್ಕಡಿ ಕೆಳಗೆ ಬಿದ್ದರೆ ಇಡೀ ಪೆಟ್ಟು ಸೊಂಟಕ್ಕೇ. ಹಗ್ಗ ಸದಾ ಬಿಗಿಯಾಗಿದ್ದರೆ ಬೀಳುವ ಪ್ರಸಂಗವೇ ಬರುವುದಿಲ್ಲ. ಇನ್ನೊಂದು ಮಾತು: ಎಚ್ಚರ ತಪ್ಪಿ ಅಲುಗಾಡದೆ ಪಟ್ಟಿಯಲ್ಲಿ ನೇತಾಡಿದರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ನಿಮಿಷಗಳಲ್ಲೇ ಜೀವಕ್ಕೆ ಕುತ್ತು. ಆದ್ದರಿಂದ ಕೆಳಗೆ ಇಳಿಸಬಲ್ಲವರೊಬ್ಬರು ಇರಲೇಬೇಕು. ಇದನ್ನೆಲ್ಲ ಹೇಳಿದಾಗ ಆಕೆಯ ಮುಖ ಸಣ್ಣದಾಯಿತು. ಆದರೂ ಸುಳ್ಳು ಧೈರ್ಯಕ್ಕಿಂತ ಇದೇ ವಾಸಿ ಎನಿಸಿತೇನೋ, "ಹಾಗಾದ್ರೆ ಅಣ್ಣನ ಮಗನ್ನ ಜೊತೆಗೆ ಕಳಿಸ್ತೀನಿ" ಎಂದರು.

ಮಾರನೆಯ ದಿನ ನಮ್ಮ ಮಾವಿನ ಮರದ ಕೊಂಬೆಗೆ, ನೆಲದಿಂದ ಒಂದೇ ಅಡಿ ಎತ್ತರದಲ್ಲಿ ಅವರನ್ನು ಕಾಲು ಗಂಟೆ ಕೂರಿಸಿದೆವು. ಐದು ನಿಮಿಷಕ್ಕೆ ಎಡತೊಡೆ ಜೋಮು ಹಿಡಿಯಿತು; ಪಟ್ಟಿ ಸಡಿಲಿಸಿದೆವು. ಹತ್ತು ನಿಮಿಷಕ್ಕೆ ಬೆನ್ನಿನ ಪಟ್ಟಿ ಎರಡು ಬೆರಳಷ್ಟು ಕೆಳಗಿಳಿಯಿತು. ಆಮೇಲೆ ಅವರು ಕೂತಲ್ಲೇ ಕಾಫಿ ಕುಡಿದರು. ಬಕಲ್ ಎಲ್ಲಿ ನಿಲ್ಲಬೇಕೋ ಅಲ್ಲಿ ಅವರ ಹೆಂಡತಿ ಕೆಂಪು ದಾರದಿಂದ ಗುರುತು ಹೊಲಿಯಹೊರಟರು. ಆ ಪಟ್ಟಿಗೆ ಸೂಜಿ ತಾಗಿಸಬಾರದೆಂದು ತಡೆದು, ದಾರವನ್ನು ಸುತ್ತಿ ಕಟ್ಟಿಸಿದೆ.

ಸ್ಯಾಡಲ್ ಯಾರ ಮನೆಯಲ್ಲಿರಬೇಕು ಎಂಬ ಚರ್ಚೆ ಅದೇ ಸಂಜೆ ಎದ್ದಿತು. ಹಣ ಹಾಕಿದವರು ನಾವು, ನಮ್ಮ ಶೆಡ್ಡಿನಲ್ಲೇ ಇರಲಿ ಎಂದು ಇಬ್ಬರ ವಾದ. ಹಾಗಾದರೆ ಪಕ್ಕದ ಬೀದಿಯ ಮರಗಳನ್ನು ಅವರು ಹತ್ತುವಾಗ ಏನು ಕಟ್ಟಿಕೊಳ್ಳಬೇಕು ಎಂದು ನಾನು ಕೇಳಿದೆ. ಯಾರೂ ಉತ್ತರಿಸಲಿಲ್ಲ. ಸ್ಯಾಡಲ್ ಜೀವನಹಳ್ಳಿಗೆ ಹೋಯಿತು. ಅಲ್ಲಿ ಅದು ಬಿಸಿಲು ಬೀಳದ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ಅವರು ಕೆಲಸಕ್ಕೆ ಹೊರಡುವ ಮುನ್ನ ಹೆಂಡತಿ ಅದರ ಒಂದೊಂದು ಹೊಲಿಗೆಯನ್ನೂ ಬೆರಳಿನಿಂದ ಸವರಿ ನೋಡಿಯೇ ಕೈಗೆ ಕೊಡುತ್ತಾರಂತೆ.