ಅಪ್ಪನ ಕಣ್ಣು ಸುಳ್ಳು ಹೇಳಲಿಲ್ಲ

ಹೋದ ಮಳೆಗಾಲದಲ್ಲಿ ಒಂದು ರಾತ್ರಿ, ಸಿ.ವಿ. ರಾಮನ್ ನಗರದ ನಮ್ಮ ಮನೆಯ ಬಚ್ಚಲಲ್ಲಿ ಅಪ್ಪ ಜಾರಿ ಬಿದ್ದರು. ತಲೆ ಗೋಡೆಗೆ ಬಡಿದಿತ್ತು. ಆಫೀಸಿನಿಂದ ಆಗಷ್ಟೇ ಬಂದಿದ್ದ ನಾನು ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅಪ್ಪನದು ಒಂದೇ ಮಾತು: “ಏನೂ ಆಗಿಲ್ಲ ಬಿಡಮ್ಮ.” ಹಿಂದೆ ಕೈ ಮುರಿದಾಗಲೂ ಇದನ್ನೇ ಹೇಳಿದ್ದರು. ಅದಕ್ಕೇ ನನಗೆ ಭಯ.

ಡಾಕ್ಟರ್ ಪುಟ್ಟ ಟಾರ್ಚ್ ತೆಗೆದು ಅಪ್ಪನ ಬಲಗಣ್ಣಿಗೆ ಬೆಳಕು ಬಿಟ್ಟರು. “ಬನ್ನಿ, ನೀವೂ ನೋಡಿ” ಅಂದರು. ಪಾಪೆ ಚಕ್ಕನೆ ಕುಗ್ಗಿತು. ಬೆಳಕು ಬೀಳದ ಎಡಗಣ್ಣಿನ ಪಾಪೆಯೂ ಜೊತೆಗೇ ಕುಗ್ಗಿತು!

ಅವರು ಬಿಡಿಸಿ ಹೇಳಿದರು. ಪಾಪೆ ಅಂದರೆ ಐರಿಸ್ ನಡುವಿನ ಕಿಂಡಿ. ಅದರ ಸುತ್ತ ಬಳೆಯಂತೆ ಒಂದು ಸ್ನಾಯು. ಕೈಕಾಲಿನ ಸ್ನಾಯುವಿನ ಹಾಗೆ ನಮ್ಮ ಮಾತು ಕೇಳುವುದಲ್ಲ ಇದು, ಕರುಳಿನದರಂತೆ ಅನೈಚ್ಛಿಕ. ಬೆಳಕಿನ ಸುದ್ದಿ ಕಣ್ಣಿನ ನರದ ಮೂಲಕ ಮಿದುಳಿನ ಕಾಂಡಕ್ಕೆ ಹೋಗುತ್ತದೆ. ಅಲ್ಲಿಂದ ಅಪ್ಪಣೆ ಇನ್ನೊಂದು ನರ ಹಿಡಿದು ಎರಡೂ ಕಣ್ಣಿಗೆ ಬರುತ್ತದೆ. ಕಣ್ಣುಗುಡ್ಡೆಯ ಹಿಂದಿನ ನರಗಂಟಿನಲ್ಲಿ ಕೈಬದಲಾಗಿ ಸ್ನಾಯು ತಲುಪುತ್ತದೆ. ನರದ ತುದಿ ಅಲ್ಲಿ ಅಸಿಟೈಲ್‌ಕೋಲಿನ್ ಚೆಲ್ಲುತ್ತದೆ, ಬಳೆ ಬಿಗಿಯುತ್ತದೆ. ಕರುಳಿನಲ್ಲಾದರೆ ಒಂದು ಕೋಶ ಪಕ್ಕದ ಕೋಶಕ್ಕೆ ಸುದ್ದಿ ದಾಟಿಸುತ್ತದೆ. ಇಲ್ಲಿ ಹೆಚ್ಚುಕಡಿಮೆ ಒಂದೊಂದು ಕೋಶಕ್ಕೂ ನರದಿಂದಲೇ ಕರೆ. ಅದಕ್ಕೇ ಪಾಪೆ ಸುಮಾರು 2ರಿಂದ 8 ಮಿ.ಮೀ. ನಡುವೆ ಇಷ್ಟು ನಾಜೂಕಾಗಿ ಹಿಗ್ಗಿ ಕುಗ್ಗುವುದು.

ತಲೆಯೊಳಗೆ ರಕ್ತಸ್ರಾವವಾಗಿ ಮಿದುಳು ಊದಿಕೊಂಡರೆ ಅಪ್ಪಣೆ ತರುವ ನರ ಒತ್ತಿಗೆ ಸಿಕ್ಕಿಕೊಳ್ಳಬಹುದು. ಆಗ ಆ ಕಡೆಯ ಪಾಪೆ ಅಗಲವಾಗಿ, ಬೆಳಕಿಗೂ ಜಗ್ಗದೆ ನಿಂತುಬಿಡುತ್ತದೆ. “ಹಾಗಂತ ಪಾಪೆ ಸರಿ ಇದೆ ಅಂತ ಸುಮ್ಮನಿರೋ ಹಾಗಿಲ್ಲ” ಎಂದು ಸ್ಕ್ಯಾನ್‌ಗೂ ಕಳಿಸಿದರು. ಪುಣ್ಯಕ್ಕೆ ಅದೂ ಸರಿಯಿತ್ತು.

ವಾಪಸ್ ಬರುವಾಗ ಅಂಗಡಿ ಬೋರ್ಡುಗಳ ಮೇಲೆ ನಮ್ಮ ಬಡಾವಣೆಯ ಹೆಸರು ಕಣ್ಣಿಗೆ ಬಿತ್ತು. ಸರ್ ಸಿ.ವಿ. ರಾಮನ್ ಕೂಡ ಕೊನೆಗಾಲದಲ್ಲಿ ಇದೇ ಬೆಂಗಳೂರಿನಲ್ಲಿ ಕೂತು ಕಣ್ಣನ್ನು ಅಧ್ಯಯನ ಮಾಡಿದವರು. ದೃಷ್ಟಿಯ ಬಗ್ಗೆ ಅವರು ಬರೆದ ಪುಸ್ತಕ 1968ರಲ್ಲಿ ಬಂತು. ದಿನಾ ವಿಳಾಸದಲ್ಲಿ ಬರೆಯುವ ಹೆಸರು ಅವತ್ತು ಹತ್ತಿರದ್ದು ಅನಿಸಿತು.

ಈಗ ಬಚ್ಚಲಿಗೆ ಹಿಡಿಕೆ ಹಾಕಿಸಿದ್ದೇವೆ. ಮೊನ್ನೆ ಆಫೀಸಿನಲ್ಲಿ ಜಗಳವಾಡಿಕೊಂಡು ಬಂದವಳು ಸಪ್ಪೆ ಮೋರೆ ಹಾಕಿ ಕೂತಿದ್ದೆ. ಅಪ್ಪ ಕೇಳಿದ್ದಕ್ಕೆ “ಏನೂ ಆಗಿಲ್ಲಪ್ಪ” ಅಂದೆ.

ಅಪ್ಪ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು. “ಎಲ್ಲಿ, ಕಣ್ಣು ತೋರಿಸು?”