ಹುಲ್ಲು ಕೊಯ್ಯುವ ಯಂತ್ರದ ಸದ್ದು



ಪರರ ನಡೆನುಡಿಗಳನ್ನು ನೇರಗೊಳಿಸಲು ಹೊರಡುವ ಮುನ್ನ ಮನುಷ್ಯನು ತನ್ನ ದೇಹವನ್ನೂ ಮನಸ್ಸನ್ನೂ ಸರಿಪಡಿಸಿಕೊಳ್ಳಬೇಕೆಂಬುದು ಗುರು ಬಸವಣ್ಣನವರ ಸುಪ್ರಸಿದ್ಧ ವಚನವೊಂದರ ಸಾರ. ಬಾಲ್ಯದಿಂದಲೂ ಬಾಯಿಪಾಠವಾಗಿದ್ದ ಆ ವಚನದ ಅರ್ಥ ನನಗೆ ಮನವರಿಕೆಯಾದದ್ದು ಅನುಭಾವ ಗೋಷ್ಠಿಯಲ್ಲಲ್ಲ. ಮಂಗಳೂರಿನ ಒಂದು ಮೈದಾನದಲ್ಲಿ, ಹುಲ್ಲು ಕೊಯ್ಯುವ ಯಂತ್ರದ ಪಕ್ಕದಲ್ಲಿ ಮಂಡಿಯೂರಿ ಕುಳಿತಾಗ. ಆ ಪ್ರಸಂಗವನ್ನು ಮುಚ್ಚುಮರೆಯಿಲ್ಲದೆ ಇಲ್ಲಿ ನಿವೇದಿಸುತ್ತಿದ್ದೇನೆ.

ಕಾವೂರಿನ ಕಡೆಯ ಒಂದು ಸಂಸ್ಥೆಯಲ್ಲಿ ಮೈದಾನ ಮತ್ತು ತೋಟಗಳ ಮೇಲ್ವಿಚಾರಣೆ ನನ್ನ ಕಾಯಕ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಅಧಿಕ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ. ಆ ದಿನಗಳಲ್ಲಿ ಇಂದು ಕೊಯ್ದ ಹುಲ್ಲು ವಾರ ಕಳೆಯುವಷ್ಟರಲ್ಲಿ ಮತ್ತೆ ಮೊಣಕಾಲಿನೆತ್ತರಕ್ಕೆ ಬೆಳೆದು ನಿಲ್ಲುತ್ತದೆ. ಕತ್ತಿ ಹಿಡಿದು ಕೊಯ್ಯುವ ಆಳುಗಳು ಈಗ ದುರ್ಲಭ. ಆದ್ದರಿಂದ ಪಿಲಿಕುಳದ ಗಾಲ್ಫ್ ಅಂಗಳದಂತಹ ವಿಶಾಲ ಬಯಲಿಗೆ ಒಪ್ಪುವ, ಮೇಲೆ ಕುಳಿತು ನಡೆಸುವ ಯಂತ್ರವೊಂದನ್ನು ನಮ್ಮಲ್ಲಿಯೂ ತರಿಸಿದ್ದೆವು. ಅದನ್ನು ನಡೆಸುತ್ತಿದ್ದವನು ಕೊಪ್ಪಳದ ಕಡೆಯಿಂದ ದುಡಿಮೆಗಾಗಿ ಬಂದ ಒಬ್ಬ ತರುಣ.

ಆಗಸ್ಟ್ 15ರ ಧ್ವಜಾರೋಹಣಕ್ಕೆ ಇನ್ನು ನಾಲ್ಕೇ ದಿನ ಉಳಿದಿದ್ದವು. ಯಂತ್ರದಿಂದ 'ಟಕ್ ಟಕ್' ಎಂದು ಲೋಹವು ಲೋಹಕ್ಕೆ ಬಡಿಯುವ ಸದ್ದು ಬರತೊಡಗಿತು. ದೂರದಿಂದ ಕೇಳಿದೊಡನೆಯೇ ನಾನು ತೀರ್ಮಾನಿಸಿಬಿಟ್ಟೆ: ಇಂಜಿನ್ನಿನೊಳಗಿನ ಕನೆಕ್ಟಿಂಗ್ ರಾಡ್ ಸವೆದಿದೆ, ಆಯಿಲ್ ನೋಡದೆ ಯಂತ್ರ ಓಡಿಸಿದವನ ತಪ್ಪು ಇದು. ನಾಲ್ಕು ಜನರೆದುರು ಆ ತರುಣನನ್ನು ಬೈದೆ. ದುರಸ್ತಿಯ ವೆಚ್ಚವನ್ನು ಅವನ ಸಂಬಳದಿಂದಲೇ ಮುರಿದುಕೊಳ್ಳುವೆನೆಂದೂ ನುಡಿದೆ. ಅವನು ಏನನ್ನೋ ಹೇಳಲು ಬಾಯ್ತೆರೆದು, ನನ್ನ ಮುಖವನ್ನು ಕಂಡು ಸುಮ್ಮನಾದನು.

ಮರುದಿನ ಬಂದರು ಪ್ರದೇಶದಿಂದ ಒಬ್ಬ ವಯೋವೃದ್ಧ ಮೆಕ್ಯಾನಿಕ್ ಬಂದರು. ಇಂಜಿನ್ ಬಿಚ್ಚಬೇಕಾದೀತೆಂದು ನಾನು ಹೇಳಿದಾಗ ಅವರು ನಸುನಕ್ಕರೇ ಹೊರತು ಉತ್ತರಿಸಲಿಲ್ಲ. ಮೊದಲು ಆಯಿಲ್ ಅಳೆಯುವ ಕಡ್ಡಿಯನ್ನು ಹೊರಗೆಳೆದು ನೋಡಿದರು. ಆಯಿಲ್ ಗುರುತಿನ ಮಟ್ಟಕ್ಕೆ ಸರಿಯಾಗಿತ್ತು, ಸ್ವಚ್ಛವಾಗಿಯೂ ಇತ್ತು. ಅರ್ಧ ನಿಮಿಷದ ಈ ಪರೀಕ್ಷೆಯನ್ನು ಮಾಡದೆಯೇ ನಾನು ಒಬ್ಬ ಬಡವನ ಅನ್ನಕ್ಕೆ ಕೈ ಹಾಕಿದ್ದೆ!

ಬಳಿಕ ಅವರು ಇಂಜಿನ್ ಚಾಲೂ ಮಾಡಿ, ಬ್ಲೇಡುಗಳನ್ನು ತಿರುಗಿಸದೆ ನಿಲ್ಲಿಸಿದರು. ಸದ್ದಿಲ್ಲ. ವೇಗ ಹೆಚ್ಚಿಸಿದರು; ಆಗಲೂ ಸದ್ದಿಲ್ಲ. ಬ್ಲೇಡುಗಳಿಗೆ ಚಾಲನೆ ಕೊಟ್ಟೊಡನೆ 'ಟಕ್ ಟಕ್' ಆರಂಭವಾಯಿತು. ಅವರು ವಿವರಿಸಿದರು: ರಾಡ್ ಸವೆದಿದ್ದರೆ ಬ್ಲೇಡು ತಿರುಗಲಿ ಬಿಡಲಿ, ಇಂಜಿನ್ ಓಡುವಾಗಲೆಲ್ಲ ಬಡಿತ ಕೇಳಬೇಕು. ಬ್ಲೇಡು ತಿರುಗುವಾಗ ಮಾತ್ರ ಕೇಳಿಸುವ ಸದ್ದಿನ ಮೂಲ ಕೆಳಗಿದೆ. ಬ್ಲೇಡಿನ ಮೇಲಿನ ತಗಡಿನ ಕವಚ, ಅದನ್ನು ಹೊತ್ತ ಚೌಕಟ್ಟು, ಇವುಗಳ ಮೂಲಕ ಸದ್ದು ಹರಿದು ಇಂಜಿನ್ನಿನಿಂದಲೇ ಬಂದಂತೆ ಕಿವಿಯನ್ನು ವಂಚಿಸುತ್ತದೆ.

ಇಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಸ್ಪಾರ್ಕ್ ಪ್ಲಗ್ಗಿನ ವೈರನ್ನೂ ಕಳಚಿಟ್ಟು, ಯಂತ್ರವನ್ನು ಎತ್ತಿ ಮರದ ದಿಮ್ಮಿಗಳ ಮೇಲೆ ಭದ್ರವಾಗಿ ನಿಲ್ಲಿಸಿದರು. ದಪ್ಪ ಕೈಗವಸು ತೊಟ್ಟು ಬ್ಲೇಡಿನ ಎರಡೂ ತುದಿಗಳನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದರು. ಒಂದು ಬ್ಲೇಡು ಬಂಡೆಯಂತೆ ನಿಂತಿತ್ತು. ಮತ್ತೊಂದು ಅಲುಗಾಡಿತು. ಬೇರಿಂಗ್ ಸವೆದಿರಬಹುದೆಂದು ತಿರುಗುಗಂಬವನ್ನೂ ಪರೀಕ್ಷಿಸಿದರು; ಅದು ಗಟ್ಟಿಯಾಗಿತ್ತು. ಸಡಿಲವಾಗಿದ್ದುದು ಬ್ಲೇಡನ್ನು ಹಿಡಿದಿಡುವ ನಡುವಿನ ಬೋಲ್ಟ್. ಬ್ಲೇಡಿನ ಅಂಚಿನಲ್ಲಿ ನಮ್ಮೂರ ಮುರಕಲ್ಲಿಗೆ ತಗುಲಿದ ಹೊಸ ಗಾಯವೊಂದಿತ್ತು. ಬಿಗಿಯಾಗಿರದ ಬೋಲ್ಟು ಆ ಪೆಟ್ಟಿಗೆ ಇನ್ನಷ್ಟು ಸಡಿಲಗೊಂಡಿತ್ತು. "ಇನ್ನೆರಡು ದಿನ ಓಡಿಸಿದ್ದರೆ ಬ್ಲೇಡು ಕಳಚಿ ಹಾರುತ್ತಿತ್ತು, ಯಾರ ಕಾಲಿಗೆ ಬೀಳುತ್ತಿತ್ತೋ ಶಿವನೇ ಬಲ್ಲ" ಎಂದರು. ಆಮೇಲೆ ಸಹಜವಾಗಿ ಕೇಳಿದರು: "ಈ ಬ್ಲೇಡನ್ನು ಕೂಡಿಸಿದವರು ಯಾರು?"

ಕೂಡಿಸಿದವನು ನಾನು! ಹಿಂದಿನ ವಾರ ಬ್ಲೇಡುಗಳನ್ನು ಸಾಣೆ ಹಿಡಿಸಿ ತಂದಿದ್ದೆ. ಮಳೆ ಬರುವ ಸೂಚನೆಯಿತ್ತು. ಮೊದಲನೆಯದನ್ನು ಕೈಪಿಡಿಯಲ್ಲಿ ಹೇಳಿದ ಅಳತೆಗೆ ಟಾರ್ಕ್ ಪಾನಾದಿಂದ ಬಿಗಿದೆ. ಎರಡನೆಯದನ್ನು ಸಾಮಾನ್ಯ ಪಾನಾದಿಂದ ಅವಸರವಾಗಿ ತಿರುಗಿಸಿ, ಆಮೇಲೆ ಬಿಗಿದರಾಯಿತೆಂದು ಒಳಗೆ ನಡೆದೆ. ಆ 'ಆಮೇಲೆ' ಬರಲೇ ಇಲ್ಲ.

ತರುಣನನ್ನು ಕರೆದು, ಮೊದಲು ಬೈದಾಗ ಇದ್ದ ಆ ನಾಲ್ವರ ಎದುರೇ ತಪ್ಪೊಪ್ಪಿಕೊಂಡೆ. ಅವನು ತಲೆ ತಗ್ಗಿಸಿ ಮೆಲ್ಲನೆ ಹೇಳಿದ: "ಸದ್ದು ಕೆಳಗಿನಿಂದ ಬರುತ್ತದೆ ಎಂದು ಮೊದಲ ದಿನವೇ ಹೇಳಬೇಕೆಂದಿದ್ದೆ, ಸರ್. ಕಾಲ ಕೆಳಗೆ ತಿಳಿಯುತ್ತಿತ್ತು." ಸದ್ದಿನ ಮೇಲೆಯೇ ದಿನವಿಡೀ ಕುಳಿತವನಿಗೆ ತಿಳಿದಿದ್ದ ಸತ್ಯವನ್ನು ಕೇಳುವ ವ್ಯವಧಾನ, ದೂರದಲ್ಲಿ ನಿಂತ ನನಗೆ ಇರಲಿಲ್ಲ.

ಆ ರಾತ್ರಿ ನನಗೆ ನೆನಪಾದವರು ನುಲಿಯ ಚಂದಯ್ಯನವರು. ಕೆರೆಯಂಚಿನ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮ ದಾಸೋಹ ನಡೆಸಿದ ಶರಣರವರು. ಬಾಗಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಅವರು ಕಾಯಕವನ್ನು ಬಿಡದೆ ನಡೆದರೆಂದೂ, ಲಿಂಗವೇ ಹಿಂದೆ ಬಂದಾಗಲೂ ಒಪ್ಪಲಿಲ್ಲವೆಂದೂ, ಕೊನೆಗೆ ಮಡಿವಾಳ ಮಾಚಿದೇವರು ತಿಳಿಹೇಳಿದಾಗ ಸ್ವೀಕರಿಸಿದರೆಂದೂ ಶೂನ್ಯಸಂಪಾದನೆಯ ಪರಂಪರೆ ನಿರೂಪಿಸುತ್ತದೆ. ಈ ಕಥೆಯಲ್ಲಿ ಕಾಯಕದ ಹಿರಿಮೆಯನ್ನಷ್ಟೇ ನಾನು ಇದುವರೆಗೆ ಕಂಡಿದ್ದೆ. ಅಂತಹ ನಿಷ್ಠಾವಂತರೂ ಮತ್ತೊಬ್ಬ ಶರಣರ ಮಾತಿಗೆ ಕಿವಿಗೊಟ್ಟು ತಮ್ಮ ಹಟವನ್ನು ಬಿಟ್ಟರೆಂಬುದು ಅಂದು ಕಾಣಿಸಿತು. ಅವರದು ಕಾಯಕದ ಮೇಲಿನ ಅತಿನಿಷ್ಠೆಯ ಹಟ. ನನ್ನದು ಕಾಯಕವನ್ನು ಅರ್ಧಕ್ಕೆ ಬಿಟ್ಟವನ ಹಟ.

ಕಾಯಕವೇ ಪೂಜೆಯೆಂದು ನಂಬಿದವನಿಗೆ ಬಿಗಿಯದೆ ಬಿಟ್ಟ ಬೋಲ್ಟು ಅರ್ಧಕ್ಕೆ ನಿಲ್ಲಿಸಿದ ಪೂಜೆಯೇ ಸರಿ. ಆ ಲೋಪವನ್ನು ಮರೆತು, ಅದರ ಸದ್ದನ್ನು ಇನ್ನೊಬ್ಬನ ಮೇಲೆ ಹೊರಿಸುವುದು ಇನ್ನೂ ದೊಡ್ಡ ಲೋಪ. ನಮ್ಮ ಮನೆಗಳಲ್ಲಿಯೂ ಹೀಗೆಯೇ ಅಲ್ಲವೇ? ಮಗನ ಮಾತು ಬಿರುಸೆನ್ನುತ್ತೇವೆ, ನೆರೆಯವರ ನಡೆ ಸರಿಯಿಲ್ಲವೆನ್ನುತ್ತೇವೆ. ಆ ಬಡಿತ ನಮ್ಮದೇ ಕೈಯ ಯಾವ ಸಡಿಲಿಕೆಯಿಂದ ಹುಟ್ಟಿತೆಂದು ಬಗ್ಗಿ ನೋಡುವುದಿಲ್ಲ.

ಧ್ವಜಾರೋಹಣದ ಹಿಂದಿನ ದಿನ ಮೈದಾನದ ಹುಲ್ಲು ಸಮವಾಗಿ ಕೊಯ್ದಾಯಿತು. ಈಗ ಬ್ಲೇಡು ಕೂಡಿಸಿದಾಗಲೆಲ್ಲ ನಾನು ಬಿಗಿದ ಬೋಲ್ಟನ್ನು ಆ ತರುಣ ಪರೀಕ್ಷಿಸುತ್ತಾನೆ. ಅವನು ಬಿಗಿದುದನ್ನು ನಾನು. ಬಸವಾದಿ ಪ್ರಮಥರು ನಮ್ಮೆಲ್ಲರಿಗೂ ಮೊದಲು ತಮ್ಮತ್ತ ನೋಡಿಕೊಳ್ಳುವ ಬುದ್ಧಿಯನ್ನು ಕರುಣಿಸಲಿ.