ಒಂದು 'ಓನ್ಲಿ' ಪ್ರಸಂಗ

ಇಂಗ್ಲಿಷ್ ಮೇಷ್ಟರುಗಳು ನಾಲ್ಕು ಜನ ಒಂದೆಡೆ ಸೇರಿದರೆ, ಮಾತು ಎಲ್ಲಿಂದ ಹೊರಟರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: "ಈಗಿನ ಹುಡುಗರಿಗೆ ಇಂಗ್ಲಿಷ್ ಬರೋದಿಲ್ಲ ಕಣ್ರೀ." ನಾನು ಕೆಲಸಕ್ಕೆ ಸೇರಿದ ದಿನ ಸ್ಟಾಫ್ ರೂಮಿನಲ್ಲಿ ಕೇಳಿದ ಮೊದಲ ಮಾತು ಇದು. ನಿವೃತ್ತನಾದ ದಿನ, ಹಾರ ಹಾಕಿಸಿಕೊಂಡು ಕುಳಿತಿದ್ದಾಗ, ಪಕ್ಕದ ಕುರ್ಚಿಯಿಂದ ಕೇಳಿಬಂದದ್ದೂ ಇದೇ. ಹಾಗಾದರೆ ಇಂಗ್ಲಿಷ್ ಬರುತ್ತಿದ್ದ ಹುಡುಗರು ಯಾವ ಕಾಲದಲ್ಲಿದ್ದರೋ ದೇವರೇ ಬಲ್ಲ. ನಡುವಿನ ಅಷ್ಟೂ ವರ್ಷ ನಾನೂ ಆ ಮಾತಿಗೆ ತಲೆಯಾಡಿಸಿದವನೇ.

ಮೌಲ್ಯಮಾಪನದ ಒಂದು ದಿನ ಮಾತ್ರ ನನ್ನನ್ನು ಇನ್ನೂ ಬಿಟ್ಟಿಲ್ಲ. ಪದವಿ ತರಗತಿಯ ಉತ್ತರಪತ್ರಿಕೆಗಳ ಕಟ್ಟು ಮುಂದಿತ್ತು. ನಿಮ್ಮ ಮನೆಯ ಬಗ್ಗೆ ಒಂದು ಪ್ಯಾರಾ ಬರೆಯಿರಿ ಎಂಬುದು ಪ್ರಶ್ನೆ. ಬರೆದವರೆಲ್ಲರ ಮನೆಯ ಮುಂದೂ ಗುಲಾಬಿಯ ಕೈತೋಟ, ಎಲ್ಲರ ಅಪ್ಪನೂ ಬ್ಯಾಂಕಿನ ಅಧಿಕಾರಿ! ಗೈಡಿನ ಪ್ರಸಾದ. ವ್ಯಾಕರಣ ಸರಿಯಾಗಿತ್ತು; ಹತ್ತಕ್ಕೆ ಏಳು ಹಾಕುತ್ತಾ ಹೋದೆ. ನಡುವೆ ಒಬ್ಬ, ಗೈಡು ಕೊಳ್ಳಲು ದುಡ್ಡಿರಲಿಲ್ಲವೋ ಏನೋ, ಸ್ವಂತ ಬರೆದಿದ್ದ: "ಫಾರ್ ಮಿ ಟೂ ಸಿಸ್ಟರ್ಸ್ ಆರ್ ದೇರ್. ಹೌಸ್ ಈಸ್ ಒನ್ ರೂಮ್." ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಎರಡು ಅಂಕ ಕೊಟ್ಟೆ. ಮಧ್ಯಾಹ್ನ ಕಾಫಿಗೆ ಎದ್ದಾಗ ಆ ವಾಕ್ಯವನ್ನು ಎಲ್ಲರಿಗೂ ಹೇಳಿ ನಗಿಸಿದೆ ಕೂಡ.

ಈಗ ನಾನಿರುವುದು ವಿಲ್ಸನ್ ಗಾರ್ಡನ್ನಿನಲ್ಲಿ. ಲಕ್ಕಸಂದ್ರದ ಕಡೆಯಿಂದ ಒಬ್ಬ ಹುಡುಗಿ ಭಾನುವಾರ ಬೆಳಿಗ್ಗೆ ನೋಟ್‌ಬುಕ್ ಹಿಡಿದು ಬರುತ್ತಾಳೆ. ಬಿ.ಕಾಂ. ಕೊನೆಯ ವರ್ಷ. ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ಅದರ ಫಲ ಉಂಡವಳು ಈಕೆ. ಹದಿನೈದು ವರ್ಷ ಇಂಗ್ಲಿಷ್ ಓದಿದ್ದಾಳೆ, ಬಾಯಿ ತೆರೆಯಲು ಮಾತ್ರ ಹೆದರುತ್ತಾಳೆ. ಕೆಲಸದ ಸಂದರ್ಶನಕ್ಕೆ ತನ್ನ ಪರಿಚಯ ಹೇಳಿಕೊಳ್ಳಬೇಕಿತ್ತು. ಕಂಠಪಾಠ ಒಪ್ಪಿಸಿದಳು: "ಮೈ ಫಾದರ್ ಈಸ್ ಎ ಬಿಸಿನೆಸ್‌ಮ್ಯಾನ್."

ಅವಳ ಅಪ್ಪನನ್ನು ನಾನು ಬಲ್ಲೆ. ಹೊಸೂರು ರಸ್ತೆಯ ಚಿತಾಗಾರದ ಹತ್ತಿರ ಹೂವಿನ ಹಾರ ಮಾರುತ್ತಾರೆ. ಈ ವಯಸ್ಸಿನಲ್ಲಿ ಅವರ ಹತ್ತಿರ ಹಾರ ಕೊಳ್ಳುವ ಪ್ರಸಂಗ ನನಗೆ ಆಗಾಗ ಬರುತ್ತಲೇ ಇರುತ್ತದೆ.

"ಅದು ಬಿಡಮ್ಮ, ಅಪ್ಪ ಏನು ಮಾಡ್ತಾರೆ ಅಂತ ಕನ್ನಡದಲ್ಲಿ ಹೇಳು" ಎಂದೆ.

ಸ್ವಲ್ಪ ಹೊತ್ತು ತಲೆ ತಗ್ಗಿಸಿದ್ದು ಹೇಳಿದಳು: "ಸತ್ತವರಿಗೂ ನಮ್ಮಪ್ಪ ತಾಜಾ ಹೂವನ್ನೇ ಕೊಡ್ತಾರೆ ಸಾರ್."

ಅದನ್ನೇ ಇಂಗ್ಲಿಷಿನಲ್ಲಿ ಬರೆ ಎಂದೆ. ಬರೆದಳು: "ಫಾರ್ ಡೆಡ್ ಪೀಪಲ್ ಆಲ್ಸೋ, ಮೈ ಫಾದರ್ ಈಸ್ ಗಿವಿಂಗ್ ಫ್ರೆಷ್ ಫ್ಲವರ್ಸ್ ಓನ್ಲಿ."

ಕೈ ಅಭ್ಯಾಸಬಲದಿಂದ ಕೆಂಪು ಪೆನ್ನಿಗೆ ಹೋಯಿತು. ಆದರೆ ಕಿವಿಯಲ್ಲಿ ಕನ್ನಡದ ವಾಕ್ಯ ಇನ್ನೂ ಇತ್ತು. 'ಸತ್ತವರಿಗೂ' ಎಂಬುದರ 'ಊ' ಹೋಗಿ 'ಆಲ್ಸೋ' ಆಗಿದೆ. 'ಹೂವನ್ನೇ' ಎಂಬುದರ 'ಏ' ಹೋಗಿ 'ಓನ್ಲಿ' ಆಗಿದೆ. ಕನ್ನಡ ಒತ್ತನ್ನು ಪದದ ಬಾಲಕ್ಕೆ ಕಟ್ಟುತ್ತದೆ. ಇಂಗ್ಲಿಷ್ ಇಲ್ಲಿ ಅದನ್ನು ಬೇರೆ ಪದವಾಗಿ ಮುಂದೆ ಇಡುತ್ತದೆ. 'ಕೊಡ್ತಾರೆ' ಎಂದರೆ ನಮಗೆ ದಿನಾ ಕೊಡುವುದೂ ಹೌದು, ನಾಳೆ ಕೊಡುವುದೂ ಹೌದು. ಇಂಗ್ಲಿಷಿಗೆ ಬೇರೆ ಬೇರೆ ರೂಪ ಬೇಕು. ಹುಡುಗಿ ಬರೆದದ್ದರಲ್ಲಿ ಅಡ್ಡಾದಿಡ್ಡಿ ಏನೂ ಇರಲಿಲ್ಲ. ಅಂದು ನಾನು ನಕ್ಕ 'ಫಾರ್ ಮಿ ಟೂ ಸಿಸ್ಟರ್ಸ್' ಕೂಡ 'ನನಗೆ ಇಬ್ಬರು ಅಕ್ಕಂದಿರಿದ್ದಾರೆ' ಎಂಬುದೇ ಅಲ್ಲವೆ?

ಹಾಗೆಂದು ತಪ್ಪನ್ನೇ ಸರಿಯೆನ್ನಲು ಬರುವುದಿಲ್ಲ. ಸಂದರ್ಶನಕ್ಕೆ ಕೂತವರು ಇವಳ ಕನ್ನಡವನ್ನು ಕೇಳಿಸಿಕೊಳ್ಳುವುದಿಲ್ಲ. ಆದ್ದರಿಂದ ಎರಡು ವಾಕ್ಯಗಳನ್ನೂ ಒಂದರ ಕೆಳಗೊಂದು ಬರೆಸಿ ತೋರಿಸಿದೆ: "ಈವನ್ ಫಾರ್ ದಿ ಡೆಡ್, ಮೈ ಫಾದರ್ ಗಿವ್ಸ್ ಓನ್ಲಿ ಫ್ರೆಷ್ ಫ್ಲವರ್ಸ್."

ಅವಳು ಎರಡನ್ನೂ ನೋಡಿದಳು. "ಇಷ್ಟೇನಾ ಸಾರ್? ತಪ್ಪು ಅಂತ ಎಲ್ಲರೂ ಗೆರೆ ಎಳೀತಿದ್ರು. ಯಾಕೆ ಅಂತ ಯಾರೂ ಹೇಳಿರಲಿಲ್ಲ."

ನಾನು ಕನ್ನಡಕ ಒರೆಸಿಕೊಂಡೆ.

ನಮ್ಮ ನಾಡಿನ ವಿಚಿತ್ರ ನೋಡಿ. ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ.ಎಂ.ಶ್ರೀ. 1926ರಲ್ಲಿ 'ಇಂಗ್ಲಿಷ್ ಗೀತಗಳು' ಕೊಟ್ಟು ಕನ್ನಡ ಕಾವ್ಯಕ್ಕೆ ಹೊಸ ದಾರಿ ತೆರೆದರು. ಅಡಿಗರು, ಅನಂತಮೂರ್ತಿ, ಲಂಕೇಶ್ ಎಲ್ಲರೂ ಇಂಗ್ಲಿಷ್ ಮೇಷ್ಟರುಗಳೇ. 1982ರಲ್ಲಿ ಕನ್ನಡಕ್ಕಾಗಿ ನಾಡು ಬೀದಿಗಿಳಿದದ್ದೂ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರ, ಗೋಕಾಕರ, ವರದಿ ಜಾರಿಯಾಗಲೆಂದು. ಇಂಗ್ಲಿಷನ್ನು ಕನ್ನಡದ ಮನೆಗೆ ಕರೆತಂದ ಇಂಥ ಹಿರಿಯರ ಕಸುಬನ್ನೇ ಹಿಡಿದವನು, ನನ್ನ ಇಂಗ್ಲಿಷ್ ಕ್ಲಾಸಿನ ಬಾಗಿಲಲ್ಲಿ ಕನ್ನಡವನ್ನು ಚಪ್ಪಲಿಯ ಹಾಗೆ ಬಿಡಿಸಿ ಹುಡುಗರನ್ನು ಒಳಗೆ ಕರೆದೆ. ಬರಿಗಾಲಲ್ಲಿ ನಡೆಯಲಾರದೆ ಅವರು ಗೈಡು ಹಿಡಿದರು. ಆಮೇಲೆ ಇಂಗ್ಲಿಷ್ ಬರುವುದಿಲ್ಲವೆಂದು ದೂರಿದವನೂ ನಾನೇ.

ಹುಡುಗಿ ಸಂದರ್ಶನಕ್ಕೆ ಹೋಗಿಬಂದಳು. ಆ ಸಲ ಕೆಲಸ ಸಿಗಲಿಲ್ಲ. ಅಪ್ಪನ ವಿಷಯ ಕೇಳಿದಾಗ ಮಾತ್ರ ಬಿಸಿನೆಸ್‌ಮ್ಯಾನ್ ಎನ್ನಲಿಲ್ಲವಂತೆ. ಮುಂದಿನ ಭಾನುವಾರ ಮತ್ತೆ ನೋಟ್‌ಬುಕ್ ಹಿಡಿದು ಬಂದಳು.

ಎರಡು ಅಂಕದ ಆ ಹುಡುಗನ ರಿಜಿಸ್ಟರ್ ನಂಬರು ನನಗೆ ನೆನಪಿಲ್ಲ. ಗುಲಾಬಿ ತೋಟದ ಮನೆಗಳಲ್ಲಿ ಒಂದೂ ನೆನಪಿಲ್ಲ. ಅವನ ಆ ಒಂದು ಕೋಣೆಯ ಮನೆ, ಇಬ್ಬರು ಅಕ್ಕಂದಿರು ಮಾತ್ರ ನೆನಪಿದ್ದಾರೆ.